ಕಿರಿದಾಗದ ಗಾಳಿ

ಒಂದು ವಸ್ತುವಿನ ಕಿರಿಯ ಪ್ರತಿಕೃತಿಯು ಯಾವ ಅರ್ಥದಲ್ಲಿ ಆ ವಸ್ತುವೇ ಆಗಿರುತ್ತದೆ, ಯಾವ ಅರ್ಥದಲ್ಲಿ ಆಗಿರುವುದಿಲ್ಲ ಎಂಬ ಪ್ರಶ್ನೆ ಉಡುಪಿ ಸೀಮೆಗೆ ಹೊಸದಲ್ಲ. ಹತ್ತನೆಯ ಶತಮಾನದ ಕೊನೆಯಲ್ಲಿ ಶ್ರವಣಬೆಳಗೊಳದಲ್ಲಿ ಮೂಡಿದ ಸುಮಾರು 58 ಅಡಿಯ ಗೊಮ್ಮಟನ ನಿಲುವನ್ನೇ ಅನುಸರಿಸಿ ವೀರಪಾಂಡ್ಯ ಭೈರರಸನು 1432ರಲ್ಲಿ ಕಾರ್ಕಳದ ಬೆಟ್ಟದ ಮೇಲೆ 42 ಅಡಿಯ ಮೂರ್ತಿಯನ್ನು ನಿಲ್ಲಿಸಿದಾಗ ಎತ್ತರ ಹೆಚ್ಚುಕಡಿಮೆ ಮುಕ್ಕಾಲಿಗೆ ಇಳಿಯಿತು; ಆದರೂ ಅದನ್ನು ಯಾರೂ ಮುಕ್ಕಾಲು ಬಾಹುಬಲಿ ಎನ್ನಲಿಲ್ಲ. ಜೈನರ ಬಳಕೆಯಲ್ಲಿ ಮೂರ್ತಿಯೇ ಬಿಂಬ. ಅಲ್ಲಿಂದ ತಾಸಿನ ದಾರಿಯ ಉಡುಪಿಯಲ್ಲಿ, ಮಧ್ವಾಚಾರ್ಯರ ದ್ವೈತ ಪರಿಭಾಷೆಯಲ್ಲಿ, ಬಿಂಬವೆಂದರೆ ಮೂಲ, ಅದನ್ನು ಹೋಲುವುದು ಪ್ರತಿಬಿಂಬ.

ಸಿದ್ಧ ಕಿಟ್ ಕೊಳ್ಳದೆ, ನಕ್ಷೆಯಿಂದ ಹಿಡಿದು ಪ್ರತಿಯೊಂದು ಬಿಡಿಭಾಗವನ್ನೂ ತಾನೇ ಕತ್ತರಿಸಿ ಮೊದಲ ಮಾದರಿ ವಿಮಾನವನ್ನು ಕಟ್ಟಲು ಹೊರಡುವ ಮಣಿಪಾಲದ ವಿದ್ಯಾರ್ಥಿಯ ಮೇಜಿನ ಮೇಲೆ ಈ ಪ್ರಶ್ನೆ ಬಾಲ್ಸಾ ಮರದ ಹಲಗೆಗಳ ನಡುವೆ ಮತ್ತೆ ಏಳುತ್ತದೆ. ಆತ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆಯಲ್ಲಿ ವಿ. ಎಂ. ಘಾಟಗೆಯವರ ತಂಡ ರೂಪಿಸಿದ, 1951ರ ಆಗಸ್ಟ್‌ನಲ್ಲಿ ಮೊದಲು ಹಾರಿದ ತರಬೇತಿ ವಿಮಾನ ಎಚ್‌ಟಿ-2ನ್ನು ಆರನೆಯ ಒಂದರ ಪ್ರಮಾಣದಲ್ಲಿ ಮಾಡಬಯಸಿದನೆಂದು ಭಾವಿಸಬಹುದು. ಮೊದಲು ಬೇಕಾದದ್ದು ಮೇಲಿನಿಂದ, ಪಕ್ಕದಿಂದ ಮತ್ತು ಮುಂದಿನಿಂದ ಕಂಡಂತೆ ಬರೆದ ಮೂರು ನೋಟಗಳ ನಕ್ಷೆ. ವಸ್ತುವನ್ನು ಒಂದು ನೆಲೆಯಿಂದ ತಿಳಿಯುವ ದೃಷ್ಟಿಗೆ ಜೈನ ತರ್ಕವು ನಯ ಎನ್ನುತ್ತದೆ; ಉಳಿದ ನೆಲೆಗಳನ್ನು ಅಲ್ಲಗಳೆದರೆ ಅದೇ ದುರ್ನಯ. ಕಾರ್ಕಳದಲ್ಲಿ 1586ರಲ್ಲಿ ಕಟ್ಟಿದ ಚತುರ್ಮುಖ ಬಸದಿ ನಾಲ್ಕು ದಿಕ್ಕಿಗೂ ಒಂದೇ ಮುಖ ತೋರುವುದರಿಂದ ಅದರ ನಕ್ಷೆಗಾರನಿಗೆ ಕೆಲಸ ಕಡಿಮೆ. ವಿಮಾನಕ್ಕೆ ಅಂಥ ಔದಾರ್ಯವಿಲ್ಲ: ಪಕ್ಕದ ನೋಟದಲ್ಲಿ ಕಂಡ ಒಡಲಿನ ಆಳವು ಮುಂದಿನ ನೋಟದ ಆಳಕ್ಕೆ ಎರಡು ಮಿಲಿಮೀಟರ್ ಹೊಂದದಿದ್ದರೆ, ಯಾವುದನ್ನು ನಂಬಬೇಕೆಂಬ ತೀರ್ಮಾನ ಕಟ್ಟುವವನದೇ.

ಇದಕ್ಕಿಂತ ಕಠಿಣವಾದ ತೊಡಕು ಗಣಿತದ್ದು. ಮೂಲದ ರೆಕ್ಕೆಯ ಹರವು 10.72 ಮೀಟರ್, ರೆಕ್ಕೆಯ ವಿಸ್ತೀರ್ಣ ಸುಮಾರು 16 ಚದರ ಮೀಟರ್, ಹಾರುವಾಗಿನ ಪೂರ್ಣ ತೂಕ ಸುಮಾರು 1,016 ಕಿಲೋ. ಉದ್ದವನ್ನು ಆರರಿಂದ ಭಾಗಿಸಿದರೆ ವಿಸ್ತೀರ್ಣವು ಮೂವತ್ತಾರರಿಂದಲೂ ಘನಗಾತ್ರವು 216ರಿಂದಲೂ ಭಾಗಿಸಲ್ಪಡುವುದರಿಂದ, ಮಾದರಿಯ ಹರವು 1.79 ಮೀಟರಿಗೆ, ತೂಕವು 4.7 ಕಿಲೋಗೆ ಇಳಿಯುತ್ತದೆ. ಗಾಳಿಯನ್ನು ಮಾತ್ರ ಯಾವುದರಿಂದಲೂ ಭಾಗಿಸಲಾಗದು. ಹರಿವಿನಲ್ಲಿ ಗಾಳಿಯ ಜಡತ್ವಕ್ಕೂ ಸ್ನಿಗ್ಧತೆಗೂ, ಅಂದರೆ ಅದರ ಅಂಟುಗುಣಕ್ಕೂ, ಇರುವ ಅನುಪಾತವನ್ನು ರೆನಾಲ್ಡ್ಸ್ ಸಂಖ್ಯೆ ಎನ್ನುತ್ತಾರೆ. ಪ್ರಮಾಣಕ್ಕೆ ತಕ್ಕ ವೇಗದಲ್ಲಿ ಹಾರುವ ಈ ಮಾದರಿಗೆ ಅದು ಮೂಲದ ಹದಿನೈದನೆಯ ಒಂದು ಭಾಗದಷ್ಟಾಗಿ, ಪುಟ್ಟ ರೆಕ್ಕೆಗೆ ಅದೇ ಗಾಳಿ ಹೆಚ್ಚು ಅಂಟಿನದಾಗಿ ಪರಿಣಮಿಸುತ್ತದೆ. ಆದಕಾರಣ ಅನುಭವಿಗಳು ರೆಕ್ಕೆಯ ಅಡ್ಡಕೊಯ್ತದ ಆಕಾರವನ್ನು ಬದಲಿಸುತ್ತಾರೆ, ಬಾಲದ ಅಡ್ಡರೆಕ್ಕೆಯನ್ನು ತುಸು ಹಿಗ್ಗಿಸುತ್ತಾರೆ. ಹಾರಾಟದಲ್ಲಿ ಮೂಲವನ್ನು ಹೋಲಬೇಕಾದರೆ ಆಕಾರದಲ್ಲಿ ಅದರಿಂದ ಕೊಂಚ ದೂರ ಸರಿಯಬೇಕು.

ಇದು ನಿಷ್ಠೆಯ ಕೊರತೆಯೇ? ಜೀವನು ಪರಮಾತ್ಮನ ಪ್ರತಿಬಿಂಬನೆಂದು ಹೇಳುವಾಗ ದ್ವೈತಿಗಳು ಕನ್ನಡಿಯ ನೆರಳನ್ನು ಉದ್ದೇಶಿಸುವುದಿಲ್ಲ. ಪ್ರತಿಬಿಂಬವೆನಿಸಲು ಅವರ ಮತದಲ್ಲಿ ಎರಡು ಲಕ್ಷಣಗಳು ಬೇಕು: ಸಾದೃಶ್ಯ, ಅಂದರೆ ಹೋಲಿಕೆ; ಅಧೀನತೆ, ಅಂದರೆ ಬಿಂಬವಿಲ್ಲದೆ ತಾನಿಲ್ಲದಿರುವಿಕೆ. ಈ ಸಂಬಂಧಕ್ಕೆ ಕೊಡುವ ದೃಷ್ಟಾಂತ ಸೂರ್ಯ ಮತ್ತು ಕಾಮನಬಿಲ್ಲು. ಬಿಲ್ಲು ದುಂಡಗಿನ ಸೂರ್ಯಮಂಡಲದಂತೆ ಕಾಣುವುದೇ ಇಲ್ಲ, ಆದರೂ ಸೂರ್ಯನಿಲ್ಲದೆ ಕ್ಷಣವೂ ಇರದು. ಹೋಲಿಕೆಯೆಂದರೆ ಆಕಾರದ ಹೋಲಿಕೆಯೇ ಆಗಬೇಕಿಲ್ಲವೆಂಬುದಕ್ಕೆ ಇದಕ್ಕಿಂತ ಚೆನ್ನಾದ ಉದಾಹರಣೆ ಮಾದರಿ ವಿಮಾನದವನಿಗೂ ಸಿಗಲಾರದು, ಅದರಲ್ಲೂ ಕರಾವಳಿಯ ಮಳೆಗಾಲದಲ್ಲಿ.

ಮಾದರಿಯು ಸೋಲುವುದು ಎರಡನೆಯ ಲಕ್ಷಣದಲ್ಲಿ. ಮೇಜಿನ ಮೇಲಿರುವ ತನಕ ಅದರ ಪ್ರತಿಯೊಂದು ಅಳತೆಯೂ ಎಚ್‌ಟಿ-2ಕ್ಕೆ ಅಧೀನ. ನೆಲ ಬಿಟ್ಟ ಮೇಲೆ ಮೂಲ ವಿಮಾನಗಳೆಲ್ಲ ಇಲ್ಲವಾದರೂ ಅದು ಹಾರುತ್ತಲೇ ಇರುತ್ತದೆ. ಆಗ ಅದು ಪ್ರತಿಬಿಂಬವಲ್ಲ, ಇನ್ನೊಂದು ವಿಮಾನ. ಪ್ರತಿಬಿಂಬತ್ವವು ಕೆಲಕಾಲ ಇದ್ದು ಹೋಗುವಂಥದ್ದಲ್ಲವೆಂದೂ, ಮಾದರಿಯನ್ನು ಹೊತ್ತ ಗಾಳಿಯೂ ಅಸ್ವತಂತ್ರವೇ, ಅಂದರೆ ಪರಮಾತ್ಮನ ಅಧೀನವೇ, ಎಂದೂ ದ್ವೈತಿ ಆಕ್ಷೇಪಿಸಬಹುದು. ಆಕ್ಷೇಪ ಸಾಧುವೇ, ಆದರೆ ಅದರಿಂದ ಮಾದರಿಯು ಎಚ್‌ಟಿ-2ರ ಅಧೀನತೆಗೆ ಮರಳುವುದಿಲ್ಲ.

ಹಾರುವ ಮಾದರಿಯು ಇನ್ನೊಂದು ವಿಮಾನವೆಂಬುದನ್ನು ಯೋಜನೆಯ ಹಾಳೆಯಲ್ಲಿ ಮೊದಲೇ ಬರೆದಿಟ್ಟುಕೊಳ್ಳುವುದು ಲೇಸು. ಮಾದರಿಯ ವೇಗವು ಪ್ರಮಾಣದ ವರ್ಗಮೂಲದಂತೆ, ಅಂದರೆ ಸುಮಾರು 2.45ರಿಂದ ಭಾಗಿಸಿದಷ್ಟು, ಇಳಿಯುತ್ತದೆ. 1901ರಿಂದ ನಿಂತಿರುವ ಕಾಪುವಿನ ದೀಪಸ್ತಂಭದ ಬುಡದಲ್ಲಿ ಮಧ್ಯಾಹ್ನ ಸೆಕೆಂಡಿಗೆ 5 ಮೀಟರಿನ ಕಡಲಗಾಳಿ ಎದ್ದರೆ ದೊಡ್ಡ ವಿಮಾನಕ್ಕೆ ಅದು ಲೆಕ್ಕಕ್ಕಿಲ್ಲ. ಆರನೆಯ ಒಂದರ ಮಾದರಿಗೆ ಅದೇ ಗಾಳಿ 12 ಮೀಟರಿನ ಗಾಳಿಯಂತೆ ಬಡಿಯುತ್ತದೆ.