ಆಟವಿಲ್ಲದ ಬೇಸಿಗೆಯಲ್ಲಿ ಶ್ರದ್ಧೆ

ಯಾವುದೇ ಶ್ರದ್ಧೆಗೆ ಅದರ ಆರಾಧ್ಯವಸ್ತು ಕಣ್ಣೆದುರಿಗಿರುವ ಕಾಲ ಮತ್ತು ಅದು ಕಣ್ಮರೆಯಾಗಿರುವ ಕಾಲ ಎಂಬ ಎರಡು ಅವಸ್ಥೆಗಳು ಇದ್ದೇ ಇರುತ್ತವೆ. ಮೊದಲನೆಯದರಲ್ಲಿ ಜನ ಒಂದೆಡೆ ಸೇರುತ್ತಾರೆ, ವಾದ್ಯಗಳು ಮೊಳಗುತ್ತವೆ, ಒಬ್ಬರ ಉತ್ಸಾಹ ಇನ್ನೊಬ್ಬರಿಗೆ ಹಬ್ಬುತ್ತದೆ. ಆದ್ದರಿಂದ ಧರ್ಮವನ್ನು ಅಧ್ಯಯನ ಮಾಡಿದವರಲ್ಲಿ ಹಲವರು ತಮ್ಮ ಗಮನವನ್ನು ಉತ್ಸವ, ಸಮೂಹ, ವಿಧಿಗಳ ಮೇಲೆಯೇ ನೆಟ್ಟಿದ್ದಾರೆ. ಎರಡನೆಯ ಅವಸ್ಥೆಯಲ್ಲಿ ಇವು ಯಾವುವೂ ಇರುವುದಿಲ್ಲವಾದ್ದರಿಂದ, ಆಗ ಮನುಷ್ಯನಲ್ಲಿ ಉಳಿಯುವುದು ಶ್ರದ್ಧೆಯೋ ಅಥವಾ ಕಳೆದ ಸಂಭ್ರಮದ ಬರಿಯ ರೂಢಿಯೋ ಎಂಬ ಪ್ರಶ್ನೆ ಏಳುತ್ತದೆ. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಐಸ್ ಹಾಕಿಯನ್ನೂ ರಾಕ್ ಸಂಗೀತವನ್ನೂ ಸಮನಾಗಿ ಹಚ್ಚಿಕೊಂಡ ಹದಿಹರೆಯದ ಅಭಿಮಾನಿಯು ಆಟವಿಲ್ಲದ ಬೇಸಿಗೆಯನ್ನು ಕಳೆಯುವ ಬಗೆ ಈ ಪ್ರಶ್ನೆಗೆ ತಕ್ಕ ಉದಾಹರಣೆ. ಆಟದ ಮೇಲಿನ ಅಭಿಮಾನವು ದೇವರ ಮೇಲಿನ ಭಕ್ತಿಗೆ ಸಮ ಎಂದು ಹೇಳಬೇಕಾಗಿಲ್ಲ. ಎರಡೂ ಒಂದೇ ಮನುಷ್ಯಸ್ವಭಾವದ ಮೇಲೆ ನಿಂತಿವೆ ಎಂಬುದನ್ನು ಒಪ್ಪಿಕೊಂಡರೆ ಸಾಕು.

ಭಾರತದಲ್ಲಿ ಹಾಕಿಯೆಂದರೆ ಹುಲ್ಲಿನ ಅಥವಾ ಟರ್ಫಿನ ಮೇಲಿನ ಆಟ. ಕೆನಡಾದವರು ಅದೇ ಹೆಸರಿನಿಂದ ಕರೆಯುವುದು ಮಂಜುಗಡ್ಡೆಯ ಅಂಗಳದ ಮೇಲೆ ಉಕ್ಕಿನ ಅಲಗುಳ್ಳ ಸ್ಕೇಟುಗಳನ್ನು ತೊಟ್ಟು, ಪಕ್ ಎಂಬ ಗಟ್ಟಿ ರಬ್ಬರಿನ ಬಿಲ್ಲೆಯನ್ನು ಉದ್ದನೆಯ ಕೋಲಿನಿಂದ ಎದುರಾಳಿಯ ಗೋಲಿಗೆ ಹೊಡೆಯುವ ಆಟವನ್ನು. 1917ರಲ್ಲಿ ಮಾಂಟ್ರಿಯಲ್‌ನಲ್ಲಿ ಹುಟ್ಟಿದ ನ್ಯಾಷನಲ್ ಹಾಕಿ ಲೀಗಿನ ಪಂದ್ಯಗಳು ಅಕ್ಟೋಬರಿನಲ್ಲಿ ಆರಂಭವಾಗಿ ಏಪ್ರಿಲ್‌ವರೆಗೆ ನಡೆಯುತ್ತವೆ. ಆಮೇಲೆ ಮುಂದಿನ ಸುತ್ತಿಗೆ ಅರ್ಹತೆ ಪಡೆದ 16 ತಂಡಗಳು ಸ್ಟ್ಯಾನ್ಲಿ ಕಪ್ ಎಂಬ ಬೆಳ್ಳಿಯ ಬಟ್ಟಲಿಗಾಗಿ ಜೂನ್‌ವರೆಗೂ ಸೆಣಸುತ್ತವೆ. ಅಲ್ಲಿಂದ ಮತ್ತೆ ಅಕ್ಟೋಬರ್‌ವರೆಗಿನ ಅವಧಿಯನ್ನು ಆಫ್ ಸೀಸನ್, ಅಂದರೆ ಆಟದ ಬಿಡುವಿನ ಕಾಲ, ಎನ್ನುತ್ತಾರೆ. 2016ರಲ್ಲಿ ಈ ಬಿಡುವು ಕೆನಡಾದ ಅಭಿಮಾನಿಗಳ ಪಾಲಿಗೆ ಏಪ್ರಿಲಿನಲ್ಲೇ ಬಂದಿತ್ತು. ಆ ದೇಶದ ಏಳು ತಂಡಗಳಲ್ಲಿ ಒಂದೂ ಅಂತಿಮ 16ರಲ್ಲಿ ಇರಲಿಲ್ಲ. 1970ರ ನಂತರ ಹಾಗಾಗಿದ್ದು ಅದೇ ಮೊದಲು. 1967ರಿಂದ ಕಪ್ಪನ್ನೇ ಕಾಣದ ಟೊರಾಂಟೊ ಮೇಪಲ್ ಲೀಫ್ಸ್ ತಂಡವಂತೂ ಲೀಗಿನ 30 ತಂಡಗಳಲ್ಲಿ ಕಟ್ಟಕಡೆಯ ಸ್ಥಾನದಲ್ಲಿ ನಿಂತಿತ್ತು.

ಬಿಡುವು ಎಂಬುದು ಒಂಟಾರಿಯೊದ ಸಣ್ಣ ಊರುಗಳಲ್ಲಿ ಕಣ್ಣಿಗೆ ಕಾಣುವ ಸಂಗತಿ. ಕ್ರೀಡಾಂಗಣದ ಕಾಂಕ್ರೀಟ್ ನೆಲದೊಳಗೆ ಹುದುಗಿಸಿದ ಕೊಳವೆಗಳಲ್ಲಿ ಅತಿ ತಣ್ಣನೆಯ ಉಪ್ಪುನೀರನ್ನು ಹರಿಸಿ, ಮೇಲೆ ತೆಳುವಾಗಿ ನೀರು ಸಿಂಪಡಿಸುತ್ತ ಪದರ ಪದರವಾಗಿ ಕಟ್ಟಿದ ಮಂಜುಗಡ್ಡೆಯ ದಪ್ಪ ಒಂದು ಅಂಗುಲಕ್ಕಿಂತ ತುಸು ಹೆಚ್ಚು, ಅಷ್ಟೇ. ಅದರ ಬಿಳುಪು ಮಂಜಿನ ಸಹಜ ಬಣ್ಣವಲ್ಲ, ಕೆಳಪದರಕ್ಕೆ ಬಳಿದ ಬಣ್ಣ, ಮತ್ತು ಕೆಂಪು ನೀಲಿ ಗೆರೆಗಳೂ ಪದರಗಳ ನಡುವೆಯೇ ಹೆಪ್ಪುಗಟ್ಟಿರುತ್ತವೆ. ಋತು ಮುಗಿದ ಮೇಲೆ ತಣಿಸುವ ಯಂತ್ರವನ್ನು ನಿಲ್ಲಿಸಿದರೆ ಗೆರೆಗಳು ಕದಡಿ, ಬಣ್ಣಬಣ್ಣದ ಕೆಸರಾಗಿ, ಬಾಗಿಲಿನಾಚೆಗೆ ತಳ್ಳಲ್ಪಡುತ್ತವೆ. ಅಲ್ಲಿಯವರೆಗೆ ಸಾವಿರಾರು ಜನರ ದೃಷ್ಟಿ ಕೀಲಿಸಿದ್ದ ಅಂಗಳ ಬರಿಯ ಸಿಮೆಂಟು ನೆಲವಾಗಿ, ಲಕ್ರಾಸ್ ಆಟಕ್ಕೋ ಜಾತ್ರೆಯಂಥ ಮಾರಾಟಮೇಳಕ್ಕೋ ಸಂಗೀತ ಕಛೇರಿಗೋ ಒದಗುತ್ತದೆ.

ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಮಾರ್ಸೆಲ್ ಮೋಸ್ ತನ್ನ ಸಹಾಯಕ ಆನ್ರಿ ಬೋಷಾನೊಡನೆ 1906ರಲ್ಲಿ ಪ್ರಕಟಿಸಿದ ಒಂದು ದೀರ್ಘ ಪ್ರಬಂಧ ಇಲ್ಲಿ ಪ್ರಸ್ತುತವಾಗುತ್ತದೆ. ಆರ್ಕ್ಟಿಕ್ ಪ್ರದೇಶದ, ಇಂದು ಇನ್ಯೂಟ್ ಎಂಬ ಹೆಸರಿನಿಂದ ಹೆಚ್ಚಾಗಿ ಗುರುತಿಸಲಾಗುವ ಜನರ ಬದುಕನ್ನು ಪ್ರವಾಸಿಗರ ಮತ್ತು ವಿದ್ವಾಂಸರ ವರದಿಗಳಿಂದ ಸಂಗ್ರಹಿಸಿ, ಆ ಸಮಾಜಕ್ಕೆ ವರ್ಷದಲ್ಲಿ ಎರಡು ಬೇರೆ ಬೇರೆ ರೂಪಗಳಿದ್ದವು ಎಂದು ಅವರು ತೋರಿಸಿದರು. ಚಳಿಗಾಲದಲ್ಲಿ ಕುಟುಂಬಗಳು ಒತ್ತೊತ್ತಾದ ಮನೆಗಳಲ್ಲಿ ಒಟ್ಟುಗೂಡುತ್ತಿದ್ದವು, ಕತೆಗಳು ಮತ್ತು ವಿಧಿಗಳು ಎಡೆಬಿಡದೆ ನಡೆಯುತ್ತಿದ್ದವು, ಇಡೀ ಊರು ಒಂದು ಬಗೆಯ ಧಾರ್ಮಿಕ ಆವೇಶದಲ್ಲಿ ದಿನ ನೂಕುತ್ತಿತ್ತು; ಬೇಸಿಗೆ ಬಂದೊಡನೆ ಒಂದೊಂದು ಕುಟುಂಬವೂ ತನ್ನ ಗುಡಾರವನ್ನೆತ್ತಿಕೊಂಡು ಬೇಟೆಯ ಜಾಡು ಹಿಡಿದು ಚದುರುತ್ತಿತ್ತು, ಮತ್ತು ಆಗ ಧರ್ಮವೆಂದು ಉಳಿಯುತ್ತಿದ್ದುದು ಮನೆಯ ಮಟ್ಟಿಗಿನ ಕೆಲವು ಆಚರಣೆಗಳು, ಮುಖ್ಯವಾಗಿ ಹುಟ್ಟು ಮತ್ತು ಸಾವಿಗೆ ಸಂಬಂಧಿಸಿದವು. (ಬೋಷಾ ಮುಂದೆ ಕೆನಡಾದ ಆರ್ಕ್ಟಿಕ್ ಅನ್ವೇಷಣೆಯೊಂದರಲ್ಲಿ ಸೇರಿಕೊಂಡು, ಹಡಗು ಮಂಜಿಗೆ ಸಿಕ್ಕಿ ಮುಳುಗಿದ ಬಳಿಕ 1914ರಲ್ಲಿ ಅಲ್ಲಿಯೇ ತೀರಿಕೊಂಡನೆಂಬುದನ್ನು ನೆನೆಯದೆ ಈ ಪ್ರಬಂಧವನ್ನು ಓದುವುದು ಕಷ್ಟ.) ಹವಾಮಾನವು ಈ ಬದಲಾವಣೆಗೆ ನೆಪವೇ ಹೊರತು ಪೂರ್ಣ ಕಾರಣವಲ್ಲ ಎಂಬುದು ಮೋಸ್‌ನ ಮುಖ್ಯ ವಾದ, ಸಾಮೂಹಿಕ ಬದುಕು ವ್ಯಕ್ತಿಯ ದೇಹ ಮತ್ತು ಮನಸ್ಸುಗಳ ಮೇಲೆ ಹೇರುವ ಒತ್ತಡ ಎಷ್ಟೆಂದರೆ, ಒಂದು ಮಿತಿಯವರೆಗೆ ಮಾತ್ರ ಅದನ್ನು ತಾಳಬಹುದು, ಆಮೇಲೆ ಹಿಂದೆ ಸರಿಯಲೇಬೇಕು.

ಈ ಮಾತು ಹಾಕಿಗೆ ಅನ್ವಯಿಸುವುದು ಕೆನಡಾದ ಚಳಿಯ ಕಾರಣದಿಂದಲ್ಲ. ಯಂತ್ರದಿಂದ ಮಂಜು ಕಟ್ಟಲು ಬಂದ ಮೇಲೆ ಆಟಕ್ಕೆ ಚಳಿಗಾಲದ ಹಂಗಿಲ್ಲ. ಫ್ಲಾರಿಡಾದ ಬಿಸಿಲಿನಲ್ಲಿಯೂ ಲೀಗಿನ ತಂಡಗಳು ಆಡುತ್ತವೆ. ಆದರೂ ವರ್ಷಪೂರ್ತಿ ಆಡುವುದಿಲ್ಲ. ಆಟಗಾರರ ಮೈ ಅದನ್ನು ತಾಳದು ಎಂಬುದು ಸ್ಪಷ್ಟ, ಆದರೆ ನೋಡುವವರ ಮನಸ್ಸೂ ತಾಳದು ಎಂಬುದನ್ನು ಮೋಸ್‌ನ ಪ್ರಬಂಧ ಅರ್ಥ ಮಾಡಿಸುತ್ತದೆ. 82 ಪಂದ್ಯಗಳ ಗೆಲುವು ಸೋಲುಗಳನ್ನು ತನ್ನವೆಂದೇ ಹೊತ್ತ ಎಳೆಯ ಅಭಿಮಾನಿಗೆ ಏಪ್ರಿಲಿನ ಕೊನೆಯ ಪಂದ್ಯ ದುಃಖವನ್ನು ತರುವಂತೆ ಒಂದು ಬಿಡುಗಡೆಯನ್ನೂ ತರುತ್ತದೆ, ಮತ್ತು ಆ ಬಿಡುಗಡೆಯನ್ನು ಒಪ್ಪಿಕೊಳ್ಳಲು ಹೆಚ್ಚಿನ ಅಭಿಮಾನಿಗಳು ಹಿಂಜರಿಯುತ್ತಾರೆ.

ಹಾಗಾದರೆ ಚದುರಿದ ಮೇಲೆ ಒಬ್ಬೊಬ್ಬರಲ್ಲಿ ಉಳಿಯುವುದೇನು? ಭಾಗವತ ಪುರಾಣದ ಏಳನೆಯ ಸ್ಕಂಧದಲ್ಲಿ ಪ್ರಹ್ಲಾದನ ಬಾಯಿಂದ ಬರುವ ನವವಿಧ ಭಕ್ತಿಯ ಕ್ರಮ ಈ ಪ್ರಶ್ನೆಗೆ ಅನಿರೀಕ್ಷಿತವಾಗಿ ನೆರವಾಗುತ್ತದೆ. ಪಾದಸೇವನ, ಅರ್ಚನ, ವಂದನಗಳಿಗೆ ಎದುರಿಗೊಂದು ಸನ್ನಿಧಿ ಬೇಕೆನಿಸುತ್ತದೆ; ಆದರೆ ಪಟ್ಟಿಯ ಮೊದಲಿಗೆ ಬರುವ ಶ್ರವಣ, ಕೀರ್ತನ, ಸ್ಮರಣಗಳಿಗೆ, ಅಂದರೆ ಕೇಳುವುದು, ಹಾಡುವುದು, ನೆನೆಯುವುದು ಈ ಮೂರಕ್ಕೆ, ಆರಾಧ್ಯವು ಎದುರಿಗೆ ಇರಬೇಕಾಗಿಲ್ಲ. ಅಗಲಿಕೆಯಲ್ಲಿಯೂ ನಡೆಯಬಲ್ಲವುಗಳನ್ನೇ ಆ ಪರಂಪರೆ ಮೊದಲಿಗೆ ಇಟ್ಟಿರುವುದು ಆಕಸ್ಮಿಕವೆನಿಸುವುದಿಲ್ಲ. ಒಂಟಾರಿಯೊದ ಬೇಸಿಗೆಯ ಸಂಜೆಗಳಲ್ಲಿ ಹುಡುಗ ಹುಡುಗಿಯರು ಮನೆಮುಂದಿನ ರಸ್ತೆಯಲ್ಲಿ ಎರಡು ಬಲೆಗಳನ್ನು ಇಟ್ಟು, ಪಕ್ಕಿನ ಬದಲು ಟೆನ್ನಿಸ್ ಚೆಂಡಿನಿಂದ ಆಡುತ್ತಾರೆ; ವಾಹನ ಬಂದಾಗ ಯಾರಾದರೊಬ್ಬರು ‘ಕಾರ್’ ಎಂದು ಕೂಗುತ್ತಾರೆ, ಬಲೆಗಳು ಪಕ್ಕಕ್ಕೆ ಸರಿಯುತ್ತವೆ, ಕಾರು ದಾಟಿದ ಮೇಲೆ ಮತ್ತೆ ನಡುವಿಗೆ ಬರುತ್ತವೆ. ಪ್ರತಿಯೊಬ್ಬರೂ ಯಾರೋ ಒಬ್ಬ ಆಟಗಾರನ ಹೆಸರು ಹಿಡಿದು ಆಡುತ್ತಾರೆ. ಟಿಕೆಟ್ ಇಲ್ಲದ, ಪ್ರೇಕ್ಷಕರಿಲ್ಲದ, ಅಂಕ ಬರೆದಿಡುವವರಿಲ್ಲದ ಈ ಆಟ ಸ್ಮರಣವೇ ಹೌದು.

ಆದರೆ ಈ ಖಾಲಿತನವನ್ನು ಖಾಲಿಯಾಗಿರಲು ಬಿಡದ ಶಕ್ತಿಗಳೂ ಇವೆ. ಜೂನ್ ಕೊನೆಯಲ್ಲಿ ಹೊಸ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್, ಜುಲೈ 1ರಂದು ಒಪ್ಪಂದ ಮುಗಿದ ಆಟಗಾರರು ತಂಡ ಬದಲಿಸುವ ಮಾರುಕಟ್ಟೆ, ಅದರ ಹಿಂದುಮುಂದಿನ ವದಂತಿಗಳು ಸೇರಿ ಬೇಸಿಗೆಯ ಒಂದೊಂದು ದಿನವನ್ನೂ ಸುದ್ದಿಯಿಂದ ತುಂಬುತ್ತವೆ. 2016ರ ಜೂನ್ 24ರಂದು ಟೊರಾಂಟೊ ತಂಡವು ಆಸ್ಟನ್ ಮ್ಯಾಥ್ಯೂಸ್ ಎಂಬ ಹದಿನೆಂಟರ ಯುವಕನನ್ನು ಎಲ್ಲರಿಗಿಂತ ಮೊದಲು ಆರಿಸಿಕೊಂಡಾಗ ಅಲ್ಲಿನ ಅಭಿಮಾನಿಗಳಿಗೆ ಉಂಟಾದ ಆಸೆ ನಿಜವಾದದ್ದೇ, ಮತ್ತು ಅವನು ಅಕ್ಟೋಬರ್ 12ರ ತನ್ನ ಮೊದಲ ಪಂದ್ಯದಲ್ಲಿಯೇ ನಾಲ್ಕು ಗೋಲು ಹೊಡೆದು ಅದನ್ನು ಉಳಿಸಿದ. ಆದರೂ ಆಸೆಯೊಂದನ್ನೇ ಉಣಿಸುವ ಬೇಸಿಗೆ ಅಭಿಮಾನಿಯನ್ನು ಬಡವಾಗಿಸುತ್ತದೆ. ಮುಂದಿನ ಅಕ್ಟೋಬರ್ ಬಂದೇ ಬರುತ್ತದೆ ಎಂಬ ಭರವಸೆ ಆಟದ ಪಂಚಾಂಗ ಕೊಡುವ ದೊಡ್ಡ ಸಾಂತ್ವನ, ಆದರೆ ಮರಳಿ ಬರುವುದು ಋತುವೇ ಹೊರತು ಅದರಲ್ಲಿದ್ದ ಮನುಷ್ಯರೆಲ್ಲರೂ ಅಲ್ಲ.

ಟೊರಾಂಟೊದ ಚರಿತ್ರೆಯಲ್ಲಿ ಈ ಸತ್ಯಕ್ಕೆ ಬಿಲ್ ಬ್ಯಾರಿಲ್ಕೊ ಎಂಬ ಹೆಸರಿದೆ. ಉತ್ತರ ಒಂಟಾರಿಯೊದ ಗಣಿಯೂರು ಟಿಮಿನ್ಸ್‌ನವನಾದ ಈ ರಕ್ಷಣಾ ಆಟಗಾರ 1951ರ ಏಪ್ರಿಲ್ 21ರಂದು, ಮಾಂಟ್ರಿಯಲ್ ಎದುರಿನ ಅಂತಿಮ ಸರಣಿಯ ಐದನೆಯ ಪಂದ್ಯದ ಹೆಚ್ಚುವರಿ ಅವಧಿಯಲ್ಲಿ, ಕಪ್ ಗೆದ್ದುಕೊಡುವ ಗೋಲು ಹೊಡೆದ. ಆ ಕ್ಷಣದ ಕಪ್ಪುಬಿಳುಪು ಛಾಯಾಚಿತ್ರದಲ್ಲಿ ಅವನು ಹೊಡೆತದ ರಭಸಕ್ಕೆ ನೆಲಬಿಟ್ಟು ಮುಂದಕ್ಕೆ ಬೀಳುತ್ತಿದ್ದಾನೆ. ಅದೇ ಬೇಸಿಗೆಯ ಬಿಡುವಿನಲ್ಲಿ ದಂತವೈದ್ಯ ಗೆಳೆಯನೊಬ್ಬನ ಪುಟ್ಟ ವಿಮಾನದಲ್ಲಿ ಮೀನು ಹಿಡಿಯಲು ಉತ್ತರಕ್ಕೆ ಹೋದವನು ಆಗಸ್ಟ್ 26ರಂದು, ಮರಳುವ ದಾರಿಯಲ್ಲಿ, ಕಾಣೆಯಾದ; ಅವನಿಗಾಗ 24 ವರ್ಷ. ದೊಡ್ಡ ಪ್ರಮಾಣದ ಹುಡುಕಾಟ ನಡೆದರೂ ಕಾಡಿನಲ್ಲಿ ಬಿದ್ದಿದ್ದ ವಿಮಾನ ಸಿಕ್ಕಿದ್ದು 1962ರ ಜೂನಿನಲ್ಲಿ, ಮತ್ತು ಈ ನಡುವಿನ ವರ್ಷಗಳಲ್ಲಿ ಒಮ್ಮೆಯೂ ಕಪ್ ಗೆಲ್ಲದಿದ್ದ ಟೊರಾಂಟೊ ಆ ಏಪ್ರಿಲಿನಲ್ಲಷ್ಟೇ ಅದನ್ನು ಮತ್ತೆ ಗೆದ್ದಿತ್ತು. ಮೋಸ್ ಹೇಳಿದ ಬೇಸಿಗೆ, ಅಂದರೆ ಸಮೂಹ ಚದುರಿದಾಗ ಹುಟ್ಟುಸಾವುಗಳು ಮಾತ್ರ ಉಳಿಯುವ ಕಾಲ, ಇಲ್ಲಿ ಅಕ್ಷರಶಃ ಎದುರಾಗುತ್ತದೆ.

ಈ ಕತೆಯನ್ನು ಹೊಸ ತಲೆಮಾರಿಗೆ ತಲುಪಿಸಿದ್ದು ಹಾಡು. ಒಂಟಾರಿಯೊದ ಕಿಂಗ್‌ಸ್ಟನ್ ನಗರದ ರಾಕ್ ವಾದ್ಯವೃಂದ ‘ದಿ ಟ್ರ್ಯಾಜಿಕಲಿ ಹಿಪ್’ 1992ರಲ್ಲಿ ‘ಫಿಫ್ಟಿ ಮಿಷನ್ ಕ್ಯಾಪ್’ ಎಂಬ ಗೀತೆಯನ್ನು ಹೊರತಂದಿತು. ಬಾಲ್ಯದಲ್ಲಿ ಗೋಲ್‌ಕೀಪರ್ ಆಗಿ ಆಡಿದ್ದ ಗಾಯಕ ಗೋರ್ಡ್ ಡೌನಿಗೆ ಅದರ ವಸ್ತು ದೊರೆತದ್ದು ಮಕ್ಕಳು ಕೂಡಿಡುವ ಹಾಕಿ ಕಾರ್ಡೊಂದರ ಹಿಂಬದಿಯ ಬರಹದಿಂದ. ಹಾಡು ಕಲಿಸುವ ಕಾಲ ಯಾವ ಬಗೆಯದೆಂಬುದಕ್ಕೆ ಇನ್ನೂ ಹಳೆಯ ಉದಾಹರಣೆಯೊಂದಿದೆ. ಕಾಲವೆಂದರೇನು ಎಂಬ ಪ್ರಶ್ನೆಯನ್ನು ಎತ್ತಿಕೊಂಡ ಕ್ರೈಸ್ತ ಚಿಂತಕ ಅಗಸ್ಟೀನ್ ತನ್ನ ಆತ್ಮನಿವೇದನೆಯ ಗ್ರಂಥದ ಹನ್ನೊಂದನೆಯ ಭಾಗದಲ್ಲಿ, ಬಾಯಿಪಾಠವಿರುವ ಕೀರ್ತನೆಯೊಂದನ್ನು ಹೇಳುವವನ ಮನಸ್ಸನ್ನು ಉದಾಹರಣೆಯಾಗಿ ಕೊಡುತ್ತಾನೆ: ತೊಡಗುವ ಮುನ್ನ ಅದು ಪೂರ್ತಿಯಾಗಿ ನಿರೀಕ್ಷೆಯಲ್ಲಿರುತ್ತದೆ, ಹೇಳುತ್ತ ಹೋದಂತೆ ನಿರೀಕ್ಷೆ ಕುಗ್ಗಿ ಸ್ಮೃತಿ ಹಿಗ್ಗುತ್ತದೆ, ಮುಗಿದಾಗ ಎಲ್ಲವೂ ಸ್ಮೃತಿಯಾಗಿರುತ್ತದೆ, ಮನುಷ್ಯನ ಇಡೀ ಆಯುಸ್ಸೂ ಹೀಗೆಯೇ ಎಂದು ಅವನು ಸೇರಿಸುತ್ತಾನೆ. ಪಂದ್ಯದ ಪಂಚಾಂಗ ಅಭಿಮಾನಿಗೆ ಚಕ್ರದಂತೆ ತಿರುಗುವ ಕಾಲವನ್ನು ಕಲಿಸಿದರೆ ಹಾಡು ಅಗಸ್ಟೀನನ ಈ ಕಾಲವನ್ನು, ಹಿಂದಿರುಗದಂತೆ ಸರಿದುಹೋಗುವ ಕಾಲವನ್ನು, ಕಲಿಸುತ್ತದೆ. ಎರಡನ್ನೂ ಪ್ರೀತಿಸುವ ಎಳೆಯ ಮನಸ್ಸಿಗೆ ಬೇಸಿಗೆಯೇ ಇವೆರಡರ ಸಂಧಿಕಾಲ.

2016ರ ಬೇಸಿಗೆಯಲ್ಲಿ ಈ ಸಂಧಿ ಒಂದು ದೇಶದ ಅನುಭವವೇ ಆಯಿತು. ಡೌನಿಗೆ ಗುಣವಾಗದ ಮಿದುಳಿನ ಕ್ಯಾನ್ಸರ್ ಇದೆಯೆಂದು ಮೇ ತಿಂಗಳಲ್ಲಿ ಪ್ರಕಟಿಸಿದ ವಾದ್ಯವೃಂದ, ಆಮೇಲೆ ಕೆನಡಾದ ಉದ್ದಕ್ಕೂ ಸಂಚರಿಸಿ, ಆಗಸ್ಟ್ 20ರಂದು ತನ್ನ ಊರಾದ ಕಿಂಗ್‌ಸ್ಟನ್ನಿನಲ್ಲಿ ಕೊನೆಯ ಕಛೇರಿ ಮಾಡಿತು. ಕಛೇರಿ ನಡೆದದ್ದು ಚಳಿಗಾಲದಲ್ಲಿ ಊರಿನ ಕಿರಿಯರ ಹಾಕಿ ತಂಡ ಆಡುವ ಕ್ರೀಡಾಂಗಣದಲ್ಲಿ. ಒಳಗೆ ಸುಮಾರು 6,700 ಮಂದಿ, ಹೊರಗೆ ಮಾರುಕಟ್ಟೆಯ ಚೌಕದಲ್ಲಿ ಪರದೆಯ ಮುಂದೆ ಸಾವಿರಾರು ಜನ. ಸಾರ್ವಜನಿಕ ಪ್ರಸಾರ ಸಂಸ್ಥೆಯಾದ ಸಿಬಿಸಿ ಅಂದು ರಿಯೊ ಒಲಿಂಪಿಕ್ಸ್‌ನ ಪ್ರಸಾರವನ್ನು ಬದಿಗಿಟ್ಟು, ಜಾಹೀರಾತಿಲ್ಲದೆ ಇದನ್ನು ಬಿತ್ತರಿಸಿತು, ಮತ್ತು 1.17 ಕೋಟಿ ಜನ, ಅಂದರೆ ದೇಶದ ಸುಮಾರು ಮೂರನೆಯ ಒಂದು ಪಾಲು, ಒಂದಲ್ಲ ಒಂದು ಹೊತ್ತು ಅದನ್ನು ನೋಡಿದರು ಅಥವಾ ಕೇಳಿದರು. ಮೊದಲು ಹಾಡಿದ್ದು ಬ್ಯಾರಿಲ್ಕೊನ ಹಾಡನ್ನು. ನಡುವೆ ಡೌನಿ ಸಭೆಯಲ್ಲಿದ್ದ ಪ್ರಧಾನಿಯನ್ನು ಹೆಸರಿಸಿ, ಉತ್ತರದ ಮೂಲನಿವಾಸಿಗಳ ಪಾಡನ್ನು ದೇಶ ಕಡೆಗಣಿಸುತ್ತ ಬಂದಿದೆಯೆಂದು ನೇರವಾಗಿ ಹೇಳಿದ. ಸಾಯಲಿರುವವನೊಬ್ಬ ತನ್ನ ಕೊನೆಯ ವೇದಿಕೆಯನ್ನು ಹೀಗೆ ಬಳಸಿದ್ದು ಆ ಸಂಜೆಯ ಅತ್ಯಂತ ಧಾರ್ಮಿಕ ಗಳಿಗೆ ಎನ್ನಲು ಸಂಕೋಚಪಡಬೇಕಾಗಿಲ್ಲ. 2017ರ ಅಕ್ಟೋಬರ್ 17ರಂದು, ಹೊಸ ಋತು ಆರಂಭವಾಗಿ ಎರಡು ವಾರಗಳಾಗುತ್ತಿದ್ದಾಗ, ಅವನು ತೀರಿಕೊಂಡ.

ಮೋಸ್‌ನ ಪ್ರಬಂಧದಲ್ಲಿ ಇನ್ನೊಂದು ವಿವರವಿದೆ. ಇನ್ಯೂಟರಲ್ಲಿ ಹೊಸದಾಗಿ ಹುಟ್ಟಿದ ಮಗುವಿಗೆ ಈಚೆಗೆ ತೀರಿಕೊಂಡವರ ಹೆಸರನ್ನಿಡುತ್ತಿದ್ದರು, ಮತ್ತು ಚಳಿಗಾಲದ ಕೂಟದಲ್ಲಿ ಆ ಹೆಸರು ಹೊತ್ತವರನ್ನೇ ಸತ್ತವರೆಂದು ಬಗೆದು ಸತ್ಕರಿಸುತ್ತಿದ್ದರು; ಹೀಗೆ ಚದುರಿದ ಕಾಲದ ಸಾವು ಕೂಡಿದ ಕಾಲದೊಳಕ್ಕೆ ಬರುತ್ತಿತ್ತು. ಟೊರಾಂಟೊ ಮಾಡಿದ್ದು ಇದಕ್ಕೆ ವಿರುದ್ಧವಾದದ್ದು: ಬ್ಯಾರಿಲ್ಕೊ ಧರಿಸುತ್ತಿದ್ದ 5ನೆಯ ಅಂಕಿಯನ್ನು 1992ರಲ್ಲಿ ವಿಧ್ಯುಕ್ತವಾಗಿ ನಿವೃತ್ತಗೊಳಿಸಿ, ಇನ್ನಾರೂ ಅದನ್ನು ತೊಡದಂತೆ ಮಾಡಿ, ಕ್ರೀಡಾಂಗಣದ ಮಾಡಿಗೆ ಪತಾಕೆಯಾಗಿ ತೂಗುಹಾಕಿತು. ಒಂದು ಸಮಾಜ ಸತ್ತವನ ಗುರುತನ್ನು ಬದುಕಿರುವವರಿಗೆ ಹಂಚುತ್ತದೆ, ಇನ್ನೊಂದು ಯಾರ ಕೈಗೂ ಸಿಗದಂತೆ ಎತ್ತಿಡುತ್ತದೆ. ಅದೇ ವರ್ಷ ಬಂದ ಹಾಡು ಮಾತ್ರ ಮೊದಲನೆಯ ದಾರಿಯನ್ನು ಹಿಡಿಯಿತು. ಆಟದ ಮೊದಲ ಪಾಠಗಳ ಜೊತೆಯಲ್ಲಿಯೇ ಅದನ್ನು ಕಲಿತ, ಬ್ಯಾರಿಲ್ಕೊ ಸತ್ತು ಅರ್ಧ ಶತಮಾನದ ಮೇಲೆ ಹುಟ್ಟಿದ ಹುಡುಗ ಹುಡುಗಿಯರು, 2016ರ ಆಗಸ್ಟಿನಲ್ಲಿ, ಲೀಗಿನ ಮುಂದಿನ ಋತುವಿಗೆ ಇನ್ನೂ ಏಳು ವಾರಗಳಿರುವಾಗ, ಅವನ ಹೆಸರನ್ನು ಹಾಡಿದರು.