ಚಿತ್ರದ ಹಿಂಬದಿ

ಚಳಿಗಾಲದ ಒಂದು ಬೆಳಿಗ್ಗೆ ಸುರಪುರದ ಹತ್ತಿರದ ಬೋನಾಳ ಕೆರೆಯ ಏರಿಯ ಮೇಲೆ ಕೂತಿದ್ದೆ. ಪರ ಊರಿನ ಹವ್ಯಾಸಿಯೊಬ್ಬ ಮೊಳದುದ್ದದ ಲೆನ್ಸ್ ಹಿಡಿದು ಪಟ್ಟೆತಲೆ ಹೆಬ್ಬಾತುಗಳ ಫೋಟೊ ತೆಗೆಯುತ್ತಿದ್ದ. ತೆಗೆದಷ್ಟು ಸಲವೂ ಪುಟ್ಟ ಪುಸ್ತಕದಲ್ಲಿ ಹಕ್ಕಿಯ ಹೆಸರು, ಹೊತ್ತು, ತಾರೀಕು ಬರೆದುಕೊಳ್ಳುತ್ತಿದ್ದ. ಏರಿಯ ಮೇಲೆ ಆಡು ಮೇಯಿಸುತ್ತಿದ್ದ ಮುದುಕನ ಚಿತ್ರವನ್ನೂ ಒಂದೆರಡು ಸಲ ತೆಗೆದ. ಮುದುಕ ಕೇಳಿಯೇಬಿಟ್ಟ: "ಹಕ್ಕಿ ಹೆಸರು ಬರ್ಕೊಂಡ್ರಿ, ನಂದು ಬ್ಯಾಡೇನ್ರೀ?" ಹವ್ಯಾಸಿ ನಕ್ಕ. ನಾನೂ ನಕ್ಕೆ. ಹೆಸರು ಮಾತ್ರ ಇಬ್ಬರೂ ಕೇಳಲಿಲ್ಲ. ಅದು ನನಗೆ ಹೊಳೆದದ್ದು ಮನೆಗೆ ಬಂದ ಮೇಲೆ, ಇನ್ನೊಂದು ಫೋಟೊ ನೋಡುತ್ತಿದ್ದಾಗ.

ಅದು 1915ರ ಚಿತ್ರ. ಸಿನಾಯ್ ಮರುಭೂಮಿ, ಕುದುರೆ, ಒಂಟೆ, ಸವಾರರು. ಕೆಳಗಿನ ಅಡಿಬರಹ ಹೇಳುವುದಿಷ್ಟು: ಮೈಸೂರು ಮತ್ತು ಬಂಗಾಳದ ಲ್ಯಾನ್ಸರ್‌ಗಳು, ಜೊತೆಗೆ ಬಿಕಾನೇರದ ಒಂಟೆಪಡೆ. ಸಂಸ್ಥಾನದ ಹೆಸರಿದೆ, ಪಡೆಯ ಹೆಸರಿದೆ, ಒಂಟೆಯ ಪ್ರಸ್ತಾಪವೂ ಇದೆ. ಮನುಷ್ಯರ ಹೆಸರು ಒಂದೂ ಇಲ್ಲ.

ಅವರು ಅಲ್ಲಿಗೆ ಹೋದದ್ದು ಸುಯೆಜ್ ಕಾಲುವೆ ಕಾಯಲು. 1914ರಲ್ಲಿ ಮೈಸೂರು, ಹೈದರಾಬಾದ್, ಪಟಿಯಾಲ ಮೊದಲಾದ ಸಂಸ್ಥಾನಗಳ ಕುದುರೆ ಪಡೆಗಳನ್ನು ಒಟ್ಟುಗೂಡಿಸಿ ಬ್ರಿಟಿಷರು ಒಂದು ಬ್ರಿಗೇಡ್ ಕಟ್ಟಿ ಈಜಿಪ್ಟಿಗೆ ಸಾಗಿಸಿದರು. ನಮ್ಮ ಸುರಪುರ ಸೀಮೆ ಆಗ ನಿಜಾಮನ ಕೈಯಲ್ಲಿತ್ತು. 1860ರಲ್ಲೇ ಬ್ರಿಟಿಷರು ಅದನ್ನು ಅವನಿಗೆ ಒಪ್ಪಿಸಿದ್ದರು. ಹಾಗಾಗಿ ಹೈದರಾಬಾದ್ ಲ್ಯಾನ್ಸರ್‌ಗಳೆಂದರೆ ಕಾಗದದ ಮೇಲಾದರೂ ನಮ್ಮ ಪಡೆಯೇ. ಇತ್ತ ಬಯಲುಸೀಮೆಯ ಜೋಳದ ಹೊಲ, ಅತ್ತ ಹನಿ ನೀರಿಗೂ ಲೆಕ್ಕವಿಡುವ ಮರಳು. ಹೊರಟವನು ಎರಡರ ನಡುವಿನ ಸಮುದ್ರವನ್ನು ಮೊದಲ ಸಲ ಕಂಡಿರಬೇಕು.

ಇಂಥ ಚಿತ್ರಗಳನ್ನು ತೆಗೆದವರು ಆ ಸವಾರರಲ್ಲ. ಕೊಡಾಕ್ ಕಂಪನಿ 1912ರಲ್ಲಿ ಅಂಗಿಯ ಜೇಬಿನಲ್ಲಿ ಹಿಡಿಸುವ ಕ್ಯಾಮೆರಾ ತಂದು, ಯುದ್ಧ ಶುರುವಾದ ಮೇಲೆ ಅದನ್ನೇ 'ಸಿಪಾಯಿಯ ಕೊಡಾಕ್' ಎಂದು ಮಾರಿತು. ಯಾವ ಸಿಪಾಯಿ? ಭಾರತದ ಕಾಲಾಳಿಗೆ ಆಗ ತಿಂಗಳಿಗೆ 11 ರೂಪಾಯಿ ಸಂಬಳ. ಅವನು ಚಿತ್ರದೊಳಗೆ ನಿಲ್ಲಬಹುದಿತ್ತು, ಚಿತ್ರ ತೆಗೆಯುವುದು ದೂರದ ಮಾತು. ಯಾರ ಕೈಯಲ್ಲಿ ಕ್ಯಾಮೆರಾ ಇತ್ತೋ ಅವರೇ ಅಡಿಬರಹವನ್ನೂ ಬರೆದರು.

ಅದೇ ಬ್ರಿಗೇಡಿನ ಕೈಗೆ 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ಟೈನ್‌ನ ಹೈಫಾ ಬಿತ್ತು. ಮೇಲೆ ಕಾರ್ಮೆಲ್ ಗುಡ್ಡ, ಕೆಳಗೆ ಕಿಶೋನ್ ಹೊಳೆ, ಎದುರಿಗೆ ಮಷಿನ್‌ಗನ್. ಬ್ರಿಗೇಡಿಗೆ ಆಮೇಲೆ ಸೇರಿದ ಜೋಧಪುರದವರು ಮತ್ತು ಮೈಸೂರಿನವರು ಭರ್ಜಿ ಹಿಡಿದು ಕುದುರೆ ಓಡಿಸಿದರು. 8 ಜನ ಸತ್ತರು, 60 ಕುದುರೆಗಳು ಸತ್ತವು. ಭರ್ಜಿ ಎತ್ತಿ ಹಿಡಿದ ಸವಾರರು ಹೈಫಾದ ಬೀದಿಯಲ್ಲಿ ಸಾಗುವ ಚಿತ್ರ ಈಗಲೂ ಮತ್ತೆ ಮತ್ತೆ ಅಚ್ಚಾಗುತ್ತದೆ. ಅದನ್ನು ಕಂಡರೆ ಎದೆಯುಬ್ಬುತ್ತದೆ, ಸುಳ್ಳೇಕೆ ಹೇಳಲಿ. ಆದರೆ ಆ ಹೆಮ್ಮೆ ನನಗೆ ಪೂರ್ತಿ ದಕ್ಕುವುದಿಲ್ಲ. ಯಾರೋ ಹೂಡಿದ ಯುದ್ಧ, ಯಾರದೋ ಕಾಲುವೆ. ಸತ್ತವನ ಮನೆ ಯಾವ ಓಣಿಯಲ್ಲಿತ್ತೆಂದು ಗೊತ್ತಿಲ್ಲದೆ ಅವನ ಶೌರ್ಯವನ್ನು ನಮ್ಮದೆಂದು ಹೇಳಿಕೊಳ್ಳುವುದು ಅಗ್ಗದ ಕೆಲಸ.

ದೆಹಲಿಯ ತೀನ್ ಮೂರ್ತಿಯಲ್ಲಿ 1922ರಲ್ಲಿ ಆ ಪಡೆಗಳ ನೆನಪಿಗೆ ಮೂರು ಕಂಚಿನ ಪ್ರತಿಮೆ ನಿಲ್ಲಿಸಿದರು. ಆ ಮೂರೂ ನಿಂತದ್ದು ಮೂರು ಸಂಸ್ಥಾನಗಳ ಪರವಾಗಿ. ಇಂಥವನದೇ ಎನ್ನುವ ಮುಖ ಅವುಗಳಲ್ಲಿಲ್ಲ. ಹೆಸರು ಕೆತ್ತಿದ ಕಲ್ಲೂ ಇತ್ತೆನ್ನಿ. ಸುಯೆಜ್ ಕಾಲುವೆಯ ದಡದ ಪೋರ್ಟ್ ತೌಫೀಕ್‌ನಲ್ಲಿ, ಈಜಿಪ್ಟ್ ಮತ್ತು ಪ್ಯಾಲೆಸ್ಟೈನ್‌ನಲ್ಲಿ ಮಡಿದ ಸುಮಾರು 4,000 ಭಾರತೀಯರಿಗಾಗಿ 1926ರಲ್ಲಿ ಸ್ಮಾರಕ ಕಟ್ಟಿದರು, ಎರಡು ಕಲ್ಲಿನ ಹುಲಿಗಳನ್ನೂ ಕಾವಲಿಗೆ ಕೂರಿಸಿದರು. 1967ರಿಂದ 1973ರ ನಡುವೆ ಈಜಿಪ್ಟ್ ಮತ್ತು ಇಸ್ರೇಲ್ ಕಾದಾಡಿದಾಗ ಆ ಸ್ಮಾರಕವೇ ಹಾಳಾಯಿತು. 1980ರಲ್ಲಿ ಕೈರೋದ ಹೀಲಿಯೊಪೊಲಿಸ್‌ನಲ್ಲಿ ಬೇರೆಯದನ್ನು ಮಾಡಿದರು. ಒಂದು ಯುದ್ಧದಲ್ಲಿ ಸತ್ತವರನ್ನು ಇನ್ನೊಂದು ಯುದ್ಧ ಮತ್ತೊಮ್ಮೆ ಕೊಂದ ಹಾಗೆ.

ಹೆಸರು ಮರೆಯುವ ರೂಢಿ ನಮ್ಮಲ್ಲಿ ಇರಲಿಲ್ಲವೇ? ಇತ್ತು. 1705ರಲ್ಲಿ ಔರಂಗಜೇಬನೇ ಖುದ್ದಾಗಿ ವಾಗಣಗೇರಿ ಕೋಟೆಗೆ ಮುತ್ತಿಗೆ ಹಾಕಿದಾಗ ಎದುರು ನಿಂತ ನಾಯಕ ಇತಿಹಾಸದಲ್ಲಿ ಉಳಿದ. ಕೋವಿ ಹಿಡಿದು ಗೋಡೆಯ ಮೇಲೆ ಕೂತ ಬೇಡರ ಹೆಸರು ಯಾರಿಗೂ ಬೇಕಾಗಲಿಲ್ಲ. ಆದರೆ ಅದಕ್ಕೂ ಹಿಂದೆ ಇನ್ನೊಂದು ರೂಢಿಯೂ ನಮ್ಮಲ್ಲಿತ್ತು. ನಮ್ಮ ಪಕ್ಕದ ಮಳಖೇಡದಿಂದ ಆಳಿದ ರಾಷ್ಟ್ರಕೂಟ ಮೂರನೆಯ ಕೃಷ್ಣ, ತಕ್ಕೋಲದ ಯುದ್ಧದಲ್ಲಿ ಚೋಳರನ್ನು ಗೆದ್ದ. ಆ ಸಂತೋಷಕ್ಕೆ ಗಂಗ ಬೂತುಗನ ಕಡೆಯ ವೀರ ಮಣಲೇರನಿಗೆ "ಏನು ಬೇಕು" ಎಂದು ಕೇಳಿದರು. ಮಣಲೇರ ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಮುಂದೆ ಒಂದು ಹಂದಿಯ ಮೇಲೆ ಬಿದ್ದು, ಎರಡೂ ಸತ್ತವು. ಮಣಲೇರ ಆತಕೂರಿನಲ್ಲಿ ಅದಕ್ಕೆ ಕಲ್ಲು ನಿಲ್ಲಿಸಿದ. ಹಂದಿ, ನಾಯಿಗಳ ಕಾದಾಟವನ್ನು ಕೆತ್ತಿಸಿ ನಾಯಿಯ ಹೆಸರನ್ನೂ ಬರೆಸಿದ. ಕ್ರಿ.ಶ. 949-50ರ ಆ ಕಲ್ಲು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಸಾವಿರ ವರ್ಷದ ಹಿಂದಿನ ನಾಯಿಯೊಂದರ ಹೆಸರು ನನಗೆ ಗೊತ್ತು. ನೂರು ವರ್ಷದ ಹಿಂದೆ ಸಿನಾಯ್ ಮರಳಿನಲ್ಲಿ ಕುದುರೆಯ ಮೇಲೆ ಕೂತವನ ಹೆಸರು ಗೊತ್ತಿಲ್ಲ. ಉಳಿ ಹಿಡಿದವನು ಒಂದೊಂದು ಅಕ್ಷರಕ್ಕೂ ಬೆವರು ಸುರಿಸಬೇಕಿತ್ತು, ಆದ್ದರಿಂದ ಯಾರಿಗಾಗಿ ಕೆತ್ತುತ್ತಿದ್ದೇನೆಂದು ಕೇಳಿಕೊಂಡ. ಕ್ಯಾಮೆರಾದವನಿಗೆ ಒಂದು ಬೆರಳು ಸಾಕಿತ್ತು.

ಈಗ ಎಲ್ಲರ ಕೈಯಲ್ಲೂ ಕ್ಯಾಮೆರಾ. ನಮ್ಮ ಕಡೆಯ ಹುಡುಗರು ಗುಳೆ ಹೋದ ಊರಿಂದ, ಕೊಲ್ಲಿ ದೇಶದ ಮರಳಿನಿಂದಲೂ ಫೋಟೊ ಕಳಿಸುತ್ತಾರೆ. ಒಂಟೆಯ ಪಕ್ಕ ನಿಂತು ಹಲ್ಲು ಕಿರಿದದ್ದು ಬರುತ್ತದೆ. ಸೆಕೆ, ಸಾಲ, ದಣಿವು ಚಿತ್ರದಲ್ಲಿ ಬರುವುದಿಲ್ಲ. ಮೊಬೈಲು ಕೆಟ್ಟ ದಿನ ಅದೂ ಹೋಯಿತು.

ಮುಂದಿನ ವಾರ ಏರಿಗೆ ಮತ್ತೆ ಹೋದೆ. ಮುದುಕ ಇರಲಿಲ್ಲ, ಮೊಮ್ಮಗ ಆಡು ಕಾಯುತ್ತಿದ್ದ. ಅಜ್ಜನ ಹೆಸರು ಕೇಳಿ ಬರೆದುಕೊಂಡು ಬಂದೆ. ನಿಮ್ಮ ಮನೆಯ ಟ್ರಂಕಿನಲ್ಲೂ ಹಳೆಯ ಫೋಟೊ ಇರುತ್ತದೆ. ಗುರುತು ಹಿಡಿಯುವ ಅಜ್ಜಿ ಇರುವಾಗಲೇ ಹೊರಗೆ ತೆಗೆಯಿರಿ, ಹಿಂಬದಿಗೆ ಹೆಸರು, ಊರು, ವರ್ಷ ಬರೆಯಿರಿ. ಪೆನ್ಸಿಲ್ಲಿನಲ್ಲೇ ಬರೆಯಿರಿ, ಶಾಯಿ ಮುಂದಕ್ಕೆ ಒಸರುತ್ತದೆ.