ಬೇಂದ್ರೆ ಇದ್ದ ಸೊಲ್ಲಾಪುರ

ಬೇಂದ್ರೆ ಎಂದರೆ ಧಾರವಾಡ, ಧಾರವಾಡ ಎಂದರೆ ಸಾಧನಕೇರಿ. ನಮ್ಮ ಮನಸ್ಸಿನಲ್ಲಿ ಕೂತುಬಿಟ್ಟಿರುವ ಚಿತ್ರ ಇದು. 1944ರಿಂದ 1956ರವರೆಗೆ ಅವರು ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಕಲಿಸಿದರು ಎಂಬುದನ್ನು ಜೀವನಚರಿತ್ರೆಯ ಒಂದು ಸಾಲಾಗಿ ಓದಿ ಮುಂದೆ ಹೋಗುತ್ತೇವೆ. ಹನ್ನೆರಡು ವರ್ಷ ಸಣ್ಣ ಕಾಲವಲ್ಲ. ಪಕ್ವ ವಯಸ್ಸಿನ ಕವಿಯೊಬ್ಬ ಅಷ್ಟು ಕಾಲ ಉಸಿರಾಡಿದ ಊರು ಅವನೊಳಗೆ ಏನನ್ನೂ ಬಿಡದೆ ಹೋಗುವುದುಂಟೆ?

ಬೇಂದ್ರೆ ಏನೇನು ಮಾಡಿದರು ಎಂದು ಹೇಳಹೊರಟರೆ ದಾರಿ ಕವಲೊಡೆಯುತ್ತ ಹೋಗುತ್ತದೆ. ಕವಿತೆ ಸರಿ, ನಾಟಕವೂ ಇದೆ. ವಿಮರ್ಶೆ ಇದೆ. ಕಾಳಿದಾಸನ ಮೇಘದೂತ, ಕಬೀರ, ಅರವಿಂದರು ಅವರ ಕೈಯಲ್ಲಿ ಕನ್ನಡಕ್ಕೆ ಬಂದರು. ಮರಾಠಿಯಲ್ಲಿ ಸ್ವತಂತ್ರವಾಗಿ ಬರೆದ ‘ಸಂವಾದ’ಕ್ಕೆ 1965ರಲ್ಲಿ ಕೇಳ್ಕರ್ ಬಹುಮಾನ ಸಿಕ್ಕಿತು. ಮುಪ್ಪಿನಲ್ಲಿ ಅಂಕಿಸಂಖ್ಯೆಗಳ ಧ್ಯಾನ ಹಿಡಿಯಿತು. ಹೀಗೆ ಹಲವು ಕಡೆ ಕೈಯಾಡಿಸಿದವರನ್ನು ಕಂಡಾಗ ಒಂದೇ ಕಡೆ ನಿಂತಿದ್ದರೆ ಚೆನ್ನಾಗಿತ್ತು ಅನ್ನುವವರಿದ್ದಾರೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಬೇಂದ್ರೆ ನಿಂತದ್ದು ಒಂದೇ ಕಡೆ: ಕೇಳುವ ಕಡೆ. ತಮ್ಮ ಕಾವ್ಯನಾಮದ ಅಂಬಿಕಾತನಯದತ್ತ ತಮ್ಮೊಳಗಿನಿಂದ ನುಡಿಯುವ ದನಿ, ಬೇಂದ್ರೆ ಅದನ್ನು ಕನ್ನಡದಲ್ಲಿ ಲೋಕಕ್ಕೆ ಒಪ್ಪಿಸುವವನು ಎಂದು ಅವರು ತಿಳಿದಿದ್ದರು. ಬರೆಯುವವನಿಗಿಂತ ಮೊದಲು ಕೇಳುವವನು. ಒಂದು ಸಂಕಲನಕ್ಕೆ ‘ನಾದಲೀಲೆ’ ಎಂದು ಹೆಸರಿಟ್ಟವರು, ಇನ್ನೊಂದಕ್ಕೆ ‘ನಾಕು ತಂತಿ’ ಎಂದಿಟ್ಟರು. ಆ ಎರಡನೆಯ ಹೆಸರಿನಲ್ಲಿ ವಾದ್ಯವೂ ಇದೆ, ಲೆಕ್ಕವೂ ಇದೆ. ಕವಿತೆಗೆ ಇಳಿದರೆ ದರ್ಶನವೂ ಸಿಗುತ್ತದೆ. ಸಂಗೀತ, ಗಣಿತ, ಕಾವ್ಯ ಎಂದು ನಾವು ಬೇರೆ ಬೇರೆ ಕಪಾಟಿನಲ್ಲಿ ಇಡುವುದನ್ನು ಅವರು ಒಂದೇ ಮೈಗೆ ಬಿಗಿದರು.

ಅಂಥವರಿಗೆ ಸೊಲ್ಲಾಪುರ ತಕ್ಕ ಊರು. ಗಿರಣಿಗಳ ಊರು, ಚಾದರಗಳ ಊರು. ಮಗ್ಗದ ಓಣಿಯಲ್ಲಿ ತೆಲುಗು, ಪೇಟೆಯಲ್ಲಿ ಮರಾಠಿ, ಉರ್ದು, ಸಿದ್ಧರಾಮನ ಭಕ್ತರ ಮನೆಗಳಲ್ಲಿ ಕನ್ನಡ. ಹನ್ನೆರಡನೆಯ ಶತಮಾನದ ಆ ಸಿದ್ಧರಾಮನೂ ಒಂದೇ ಕೆಲಸದವನಲ್ಲ. ಕೆರೆ ತೋಡಿಸಿದ, ಗುಡಿ ಕಟ್ಟಿಸಿದ, ವಚನ ನುಡಿದ, ತ್ರಿವಿಧಿಗಳನ್ನೂ ರಚಿಸಿದ. ಇಂದಿಗೂ ಸಂಕ್ರಾಂತಿಯ ಗಡ್ಡಾ ಜಾತ್ರೆಯಲ್ಲಿ ಬಿಳಿ ಬಾರಾಬಂದಿ ತೊಟ್ಟವರು ಏಳು ನಂದಿಧ್ವಜಗಳನ್ನು ನೆಟ್ಟಗೆ ಹೊತ್ತು, ಅವನು ಸ್ಥಾಪಿಸಿದ ಅರುವತ್ತೆಂಟು ಲಿಂಗಗಳ ಪ್ರದಕ್ಷಿಣೆ ಮಾಡುತ್ತಾರೆ. ಹೊತ್ತವನ ಸೊಂಟಕ್ಕೆ ಕಟ್ಟಿದ ಪಟ್ಟಿಯ ಮೇಲೆ ಆ ಎತ್ತರದ ಬಿದಿರಿನ ಭಾರವೆಲ್ಲ ನಿಲ್ಲುತ್ತದೆ. ಕಣ್ಣು ಮೇಲೆ, ಹೆಜ್ಜೆ ಮಾತ್ರ ನೆಲದ ಲೆಕ್ಕದಲ್ಲಿ.

ಇದೇ ಊರಿನಲ್ಲಿ ಹದಿನೆಂಟನೆಯ ಶತಮಾನದಲ್ಲಿ ರಾಮಜೋಶಿ ಹುಟ್ಟಿದ. ಪುರಾಣ ಹೇಳುವ ಮನೆತನದ ಹುಡುಗ ಮರಾಠಿ ತಮಾಷಾ ಆಟದ ಡಫ್ಫಿಗೆ ಮನಸೋತು ಲಾವಣಿಕಾರನಾದ. ಮುಂದೆ ಶಾಸ್ತ್ರ ಓದಿ ಕೀರ್ತನಕಾರನೂ ಆದ. ಶಾಸ್ತ್ರ ಮೇಲು, ತಮಾಷಾ ಕೀಳು ಅನ್ನುವ ಕಾಲದಲ್ಲಿ ಎರಡನ್ನೂ ಒಂದೇ ಗಂಟಲಿನಲ್ಲಿ ಇಟ್ಟುಕೊಂಡ ಧೈರ್ಯ ಅದು. ಬೇಂದ್ರೆ ಅಲ್ಲಿದ್ದಾಗಲೇ, 1947ರಲ್ಲಿ, ಅವನ ಬದುಕು ‘ಲೋಕಶಾಹೀರ್ ರಾಮಜೋಶಿ’ ಎಂಬ ಮರಾಠಿ ಸಿನಿಮಾ ಆಯಿತು. ಲಾವಣಿಯ ಗತ್ತನ್ನು ಕನ್ನಡ ಕವಿತೆಯೊಳಗೆ ಅಷ್ಟು ಸಲೀಸಾಗಿ ತಂದ ಕವಿ ಅದೇ ಊರಿನಲ್ಲಿ ಪಾಠ ಹೇಳುತ್ತಿದ್ದದ್ದು ನನಗೆ ಬಹಳ ಪ್ರಿಯವಾದ ಸಂಗತಿ.

ಜಯದೇವಿತಾಯಿ ಲಿಗಾಡೆಯವರೂ ಸೊಲ್ಲಾಪುರದವರೇ. ಮರಾಠಿ ಶಾಲೆಯಲ್ಲಿ ಓದಿದವರು, ಕನ್ನಡವನ್ನು ತಾವೇ ಕಲಿತರು. ಸಿದ್ಧರಾಮನ ಕಥೆಯನ್ನು ಪುರಾಣಕಾವ್ಯವಾಗಿ ಬರೆದರು. 1974ರ ಮಂಡ್ಯ ಸಮ್ಮೇಳನದಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನದ ಮೊದಲ ಮಹಿಳಾ ಅಧ್ಯಕ್ಷರಾದರು. ಎರಡು ಭಾಷೆಯ ನಡುವೆ ಬೆಳೆದವರಿಗೆ ಒಂದು ಭಾಷೆ ಅರ್ಧ, ಇನ್ನೊಂದು ಅರ್ಧ ಎಂಬ ಅನುಕಂಪ ಎಷ್ಟು ಪೊಳ್ಳು ಎಂಬುದಕ್ಕೆ ಅವರಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

1956ರಲ್ಲಿ ಭಾಷೆಯ ಲೆಕ್ಕದಲ್ಲಿ ರಾಜ್ಯಗಳಾದವು. ಬೇಂದ್ರೆ ಧಾರವಾಡಕ್ಕೆ ಮರಳಿ ಆಕಾಶವಾಣಿ ಸೇರಿದರು. ಸೊಲ್ಲಾಪುರ, ಅದರ ಪಕ್ಕದ ಅಕ್ಕಲಕೋಟೆ ಗಡಿಯ ಆಚೆಗೆ ಉಳಿದವು. 1958ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ‘ಅರಳು ಮರಳು’ ಸಂಪುಟದ ಬೆನ್ನಿಗೆ ಇದ್ದದ್ದು ಆ ಹನ್ನೆರಡು ವರ್ಷ. ಆದರೂ ಆ ಪುಸ್ತಕವನ್ನು ಯಾರೂ ಸೊಲ್ಲಾಪುರದ ಪುಸ್ತಕ ಎಂದು ಕರೆಯುವುದಿಲ್ಲ.

ಬೇಂದ್ರೆಯವರ ಮರಾಠಿ ಬರಹವನ್ನು ಕರ್ನಾಟಕದ ನಾವು ಓದಿದ್ದು ತೀರ ಕಡಿಮೆ. ಅವರ ಕನ್ನಡ ಮರಾಠಿಗರಿಗೆ ದಕ್ಕಿದ್ದೂ ಅಷ್ಟಕ್ಕಷ್ಟೆ. ಎರಡನ್ನೂ ಮೂಲದಲ್ಲೇ ಓದಬಲ್ಲವರು ಅಕ್ಕಲಕೋಟೆಯಲ್ಲಿ ಇದ್ದಾರೆ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ, ಸ್ವಾಮಿ ಸಮರ್ಥರ ಮಠದಲ್ಲಿ ಮರಾಠಿ ಆರತಿ, ಹೊರಗೆ ಬಂದರೆ ಹೂವಿನವಳೊಂದಿಗೆ ಮತ್ತೆ ಕನ್ನಡ. ಅವರಿಗೆ ಇದು ದಿನದ ಬದುಕು. ಬೇಂದ್ರೆಯವರನ್ನು ಇಡಿಯಾಗಿ ಕುರಿತು ಬರೆಯುವ ಪುಸ್ತಕ ಅಲ್ಲಿಂದ ಬರಬೇಕು ಎಂದು ನಾನು ಕಾಯುತ್ತಿದ್ದೇನೆ.